ರೈಲನ್ನು ಖಾಲಿ ಮಾಡಿದವರು ಯಾರು?

ಪ್ರಯಾಣಿಕರಿಲ್ಲದ ರೈಲನ್ನು ನಿಲ್ಲಿಸಿಬಿಡಿ ಎನ್ನಲು ಅರ್ಥಶಾಸ್ತ್ರ ಓದಿರಬೇಕಿಲ್ಲ. ತೆರಿಗೆದಾರನ ಹಣದಲ್ಲಿ ಖಾಲಿ ಬೋಗಿಗಳನ್ನು ಎಳೆದಾಡುವುದು ಯಾರಿಗೂ ಸರಿಕಾಣದು. ಆದರೆ ಆ ಬೋಗಿಗಳು ಖಾಲಿಯಾದದ್ದು ಹೇಗೆ ಎಂದು ಕೇಳುವವರು ಕಡಿಮೆ. ಯುರೋಪಿನ ಪಶ್ಚಿಮದ ಅಂಚಿನಲ್ಲಿರುವ ಪುಟ್ಟ ದೇಶ ಐರ್ಲೆಂಡಿನ ರೈಲು ಮಾರ್ಗಗಳ ಇತಿಹಾಸವನ್ನು ಗಮನಿಸಿದರೆ, ಅಲ್ಲಿನ ಆಡಳಿತಗಾರರು ಮತ್ತೆ ಮತ್ತೆ ಎಡವಿದ್ದು ಈ ಪ್ರಶ್ನೆಯನ್ನು ಕೇಳದೇ ಹೋದುದರಿಂದ ಎಂಬುದು ನಮಗೆ ಮನವರಿಕೆಯಾಗುತ್ತದೆ.

1920ರ ಸುಮಾರಿಗೆ ಐರ್ಲೆಂಡ್ ದ್ವೀಪದಲ್ಲಿ 5,600 ಕಿಲೋಮೀಟರಿನಷ್ಟು ರೈಲು ಮಾರ್ಗವಿತ್ತು. ಇಂದು ಅದರ ಅರ್ಧವೂ ಉಳಿದಿಲ್ಲ. ಕಾರು, ಬಸ್ಸು, ಲಾರಿಗಳು ಬಂದ ಮೇಲೆ ಹಳ್ಳಿಗಾಡಿನ ಹಲವು ಮಾರ್ಗಗಳು ಮುಚ್ಚಿದವು. ಇನ್ನು ಕೆಲವು ಹೆಸರಿಗಷ್ಟೇ ಉಳಿದವು.

ಆಗ್ನೇಯ ಕರಾವಳಿಯ ರಾಸ್ಲೇರ್ ಬಂದರಿನಿಂದ ವಾಟರ್‌ಫೋರ್ಡ್ ನಗರಕ್ಕೆ ಹೋಗುವ ಮಾರ್ಗವನ್ನೇ ನೋಡೋಣ. ಬ್ರಿಟನ್ನಿನಿಂದ ಹಡಗಿನಲ್ಲಿ ಬಂದಿಳಿದವರನ್ನು ದೇಶದ ದಕ್ಷಿಣ ಭಾಗಕ್ಕೆ ಒಯ್ಯಲೆಂದೇ 1906ರಲ್ಲಿ ಇದನ್ನು ತೆರೆಯಲಾಯಿತು. ಬ್ಯಾರೊ ನದಿಗೆ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆ ಕಟ್ಟಿದ್ದೂ ಇದಕ್ಕಾಗಿಯೇ. ನೂರು ವರ್ಷಗಳ ನಂತರ ಅದೇ ಹಳಿಯ ಮೇಲೆ ಉಳಿದದ್ದು ಬೆಳಿಗ್ಗೆ ವಾಟರ್‌ಫೋರ್ಡಿಗೆ ಹೋಗಿ ಸಂಜೆ ಮರಳುವ ಒಂದೇ ಒಂದು ರೈಲು. ಭಾನುವಾರ ಅದೂ ಇಲ್ಲ. ಹಡಗಿನ ಹೊತ್ತಿಗೂ ರೈಲಿನ ಹೊತ್ತಿಗೂ ತಾಳಮೇಳವಿರಲಿಲ್ಲ. 2008ರಲ್ಲಿ ರಾಸ್ಲೇರ್ ನಿಲ್ದಾಣವನ್ನೇ ಹಡಗುಕಟ್ಟೆಯಿಂದ ಇನ್ನಷ್ಟು ದೂರಕ್ಕೆ ಸರಿಸಲಾಯಿತು. ವೆಲಿಂಗ್ಟನ್‌ಬ್ರಿಜ್‌ನಿಂದ ಸಕ್ಕರೆ ಬೀಟು ಹೊತ್ತು ಹೋಗುತ್ತಿದ್ದ ಗೂಡ್ಸ್ ರೈಲುಗಳು, 2006ರಲ್ಲಿ ಮ್ಯಾಲೋ ಸಕ್ಕರೆ ಕಾರ್ಖಾನೆ ಮುಚ್ಚುವುದರೊಂದಿಗೆ ಅದಾಗಲೇ ನಿಂತಿದ್ದವು.

ಆ ದಾರಿಯ ಒಂದು ಹಳ್ಳಿಯಿಂದ ವೃದ್ಧೆಯೊಬ್ಬರು ವಾಟರ್‌ಫೋರ್ಡಿನ ಆಸ್ಪತ್ರೆಗೆ ಹೊರಟರೆನ್ನೋಣ. ಕೆಲಸ ಹನ್ನೊಂದು ಗಂಟೆಗೇ ಮುಗಿದರೂ ಸಂಜೆಯವರೆಗೆ ಕಾಯಬೇಕು. ಬೆಳಿಗ್ಗೆ ವಾಟರ್‌ಫೋರ್ಡಿನಿಂದ ಬಂದರಿನ ಕಡೆಗೆ ಕೆಲಸಕ್ಕೆ ಹೋಗುವವನಿಗಂತೂ ರೈಲೇ ಇಲ್ಲ. ಇಂತಹ ರೈಲನ್ನು ಬೇರೆ ದಾರಿಯಿಲ್ಲದವರಲ್ಲದೆ ಇನ್ನಾರು ಹತ್ತುತ್ತಾರೆ? ಹೀಗಿರುವಾಗ ಪ್ರಯಾಣಿಕರ ತಲೆ ಎಣಿಸಿ, ಜನರಿಗೆ ಇದು ಬೇಡವಾಗಿದೆ ಎಂದು ತೀರ್ಮಾನಿಸಲಾಯಿತು. 2010ರ ಸೆಪ್ಟೆಂಬರಿನಲ್ಲಿ ಕೊನೆಯ ಪ್ರಯಾಣಿಕ ರೈಲು ಓಡಿತು. ಅದೇ ವರ್ಷ ಕುಸಿಯುತ್ತಿದ್ದ ಬ್ಯಾಂಕುಗಳನ್ನು ಎತ್ತಿ ನಿಲ್ಲಿಸಲು ಐರಿಷ್ ಸರಕಾರ ಸಾವಿರಾರು ಕೋಟಿ ಯೂರೊ ಸುರಿಯುತ್ತಿತ್ತು. ಬ್ಯಾಂಕುಗಳ ನಷ್ಟ ರಾಷ್ಟ್ರದ ಹೊಣೆಯಾಯಿತು. ಹಳ್ಳಿಯ ರೈಲಿನ ನಷ್ಟ ಮಾತ್ರ ದುಂದುವೆಚ್ಚವೆನಿಸಿತು.

ಲಿಮರಿಕ್ ನಗರದಿಂದ ನೀನಾ ಪಟ್ಟಣದ ಮೂಲಕ ಬ್ಯಾಲಿಬ್ರಾಫಿಗೆ ಹೋಗುವ ಮಾರ್ಗ ಇನ್ನೂ ಬದುಕಿದೆ. ಆದರೆ ಆ ಬದುಕು ಎಂಥದು! ವರ್ಷಾನುಗಟ್ಟಲೆ ಅಲ್ಲಿ ದಿನಕ್ಕೆ ಎರಡೇ ಜೋಡಿ ರೈಲುಗಳು ಓಡಿವೆ. ಹಳಿಗಳು ಹಳತಾಗಿದ್ದರಿಂದ ವೇಗಕ್ಕೆ ಕಡಿವಾಣ. ಪಕ್ಕದಲ್ಲೇ ಹೊಸ ಹೆದ್ದಾರಿ ಬಂದ ಮೇಲೆ ಕಾರಿನವರು ಬಹು ಬೇಗ ಊರು ಸೇರುತ್ತಾರೆ. ಹೆದ್ದಾರಿ ಎಷ್ಟು ಲಾಭ ತಂದಿತೆಂದು ಯಾರೂ ಲೆಕ್ಕ ಕೇಳುವುದಿಲ್ಲ. ರಸ್ತೆಗೆ ಹಾಕಿದ ಹಣಕ್ಕೆ ಬಂಡವಾಳ ಎಂದು ಹೆಸರು, ರೈಲಿಗೆ ಹಾಕಿದ್ದಕ್ಕೆ ಸಹಾಯಧನ ಎಂದು ಹೆಸರು. ಈ ಎರಡು ನಾಲಿಗೆಯ ಲೆಕ್ಕಕ್ಕೆ ನಮ್ಮ ಆಕ್ಷೇಪವಿದೆ.

ತಲೆ ಎಣಿಸಿ ಕೊಟ್ಟ ತೀರ್ಪುಗಳು ಎಷ್ಟು ಗಟ್ಟಿ ಎಂಬುದಕ್ಕೂ ಅದೇ ದೇಶದಲ್ಲಿ ಸಾಕ್ಷಿಗಳಿವೆ. ಡಬ್ಲಿನ್ನಿನ ಹಾರ್‌ಕೋರ್ಟ್ ಸ್ಟ್ರೀಟ್ ಮಾರ್ಗವನ್ನು ನಷ್ಟದ ಕಾರಣ ನೀಡಿ 1958ರ ಡಿಸೆಂಬರ್ 31ರಂದು ಮುಚ್ಚಲಾಯಿತು. ಡಂಡ್ರಮ್‌ನಲ್ಲಿದ್ದ ಸೇತುವೆಯನ್ನೂ ಕೆಡವಲಾಯಿತು. ನಗರ ಬೆಳೆದು ರಸ್ತೆಗಳು ಕಿಕ್ಕಿರಿದ ಮೇಲೆ ಬಹುಮಟ್ಟಿಗೆ ಅದೇ ಜಾಡಿನಲ್ಲಿ 2004ರಲ್ಲಿ ಲುವಾಸ್ ಟ್ರಾಮ್ ಓಡಿಸಬೇಕಾಯಿತು, ಡಂಡ್ರಮ್‌ನಲ್ಲಿ ಹೊಸ ಸೇತುವೆಯನ್ನೇ ಕಟ್ಟಬೇಕಾಯಿತು. ಕಾರ್ಕ್ ಬಳಿಯ ಮಿಡಲ್ಟನ್‌ಗೆ 1963ರಲ್ಲಿ ನಿಂತ ರೈಲು 2009ರಲ್ಲಿ ಮರಳಿತು. ಡಬ್ಲಿನ್ನಿನ ಫೀನಿಕ್ಸ್ ಪಾರ್ಕ್ ಕೆಳಗಿನ 1877ರ ಸುರಂಗದಲ್ಲಿ ಬಹುಕಾಲ ಗೂಡ್ಸ್ ಗಾಡಿಗಳು, ಖಾಲಿ ಬೋಗಿಗಳು ಹಾಯುತ್ತಿದ್ದವು. 2016ರಿಂದ ಅದರಲ್ಲಿ ದಿನನಿತ್ಯದ ಪ್ರಯಾಣಿಕರು ಕಚೇರಿಗೆ ಹೋಗುತ್ತಿದ್ದಾರೆ.

ಎಲ್ಲಕ್ಕಿಂತ ಸೋಜಿಗದ್ದು ಪಶ್ಚಿಮದ ಎನ್ನಿಸ್–ಅಥೆನ್ರೈ ಮಾರ್ಗ. 2010ರಲ್ಲಿ ಹೊಸದಾಗಿ ಹಳಿ ಹಾಕಿ ತೆರೆದ ಇದು, ಆರೇ ವರ್ಷಗಳಲ್ಲಿ ಹಣದ ಅಭಾವವಿದ್ದರೆ ಮುಚ್ಚಬಹುದಾದ ಮಾರ್ಗಗಳ ಸಾಲಿನಲ್ಲಿ ಕಾಣಿಸಿಕೊಂಡಿತು. ಆದರೆ ಡಬ್ಲಿನ್ ಮತ್ತು ಬೆಲ್‌ಫಾಸ್ಟ್ ಆಡಳಿತಗಳು ಜಂಟಿಯಾಗಿ ಮಾಡಿಸಿ 2024ರ ಜುಲೈಯಲ್ಲಿ ಪ್ರಕಟಿಸಿದ ಅಂತಿಮ ರೈಲು ವರದಿ, ಇದನ್ನು ಉತ್ತರಕ್ಕೆ ಕ್ಲೇರ್‌ಮಾರಿಸ್‌ವರೆಗೆ ಮುಂದುವರಿಸಬೇಕೆಂದಿದೆ. 2010ರಲ್ಲಿ ನಿಂತ ವಾಟರ್‌ಫೋರ್ಡ್ ಮಾರ್ಗವನ್ನು ಮತ್ತೆ ತೆರೆಯಬೇಕೆಂದೂ ಅದೇ ವರದಿ ಶಿಫಾರಸು ಮಾಡಿದೆ. ಇದೆಲ್ಲ ಇನ್ನೂ ಶಿಫಾರಸು ಮಾತ್ರ ಎಂಬುದನ್ನೂ ಮರೆಯಬಾರದು.

ಹಾಗೆಂದು ಎಲ್ಲ ಹಳಿಗಳನ್ನೂ ಕಣ್ಣುಮುಚ್ಚಿ ಉಳಿಸಿಕೊಳ್ಳಬೇಕೆಂದು ನಾವು ವಾದಿಸುತ್ತಿಲ್ಲ. ನಾಲ್ಕು ಜನರಿಗಾಗಿ ಡೀಸೆಲ್ ಸುಡುವ ರೈಲಿಗಿಂತ ಹಳ್ಳಿಯೊಳಗೇ ಬಂದು ಹೋಗುವ ಸಣ್ಣ ಬಸ್ಸು ಕೆಲವೆಡೆ ಹೆಚ್ಚು ಉಪಕಾರಿಯಾದೀತು. ಆದರೆ ಹಾಗೆ ತೀರ್ಮಾನಿಸುವ ಮುನ್ನ ರೈಲಿಗೆ ಒಂದು ನ್ಯಾಯವಾದ ಅವಕಾಶ ಸಿಗಬೇಕು. ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗಿಬರಲು ಆಗುವಂತಹ ವೇಳಾಪಟ್ಟಿಯನ್ನು ಕೆಲವು ವರ್ಷ ನಡೆಸಿ, ಆಮೇಲೆ ತಲೆ ಎಣಿಸಲಿ. ಆಗಲೂ ಬೋಗಿ ಖಾಲಿಯಿದ್ದರೆ ಬಾಗಿಲು ಹಾಕಲಿ, ಆದರೆ ನೆಲವನ್ನು ಮಾರದಿರಲಿ. ಡಂಡ್ರಮ್‌ನಲ್ಲಿ ಸೇತುವೆ ಕೆಡವಿದವರು ಉಳಿಸಿದ ಹಣಕ್ಕಿಂತ, ನಾಲ್ಕು ದಶಕಗಳ ನಂತರ ಕಟ್ಟಿದವರು ತೆತ್ತ ಬೆಲೆ ಹೆಚ್ಚಿನದು.

ಕಾರಿದ್ದವನಿಗೆ ರೈಲು ಒಂದು ಆಯ್ಕೆ. ಕಾರಿಲ್ಲದ ವೃದ್ಧೆಗೆ, ವಿದ್ಯಾರ್ಥಿಗೆ ಅದು ಊರಿನಿಂದ ಹೊರಹೋಗುವ ದಾರಿ. ಅವರ ಸಂಖ್ಯೆ ಚಿಕ್ಕದಿರಬಹುದು. ಬೆಳಿಗ್ಗೆ ಒಯ್ದು ಸಂಜೆಯವರೆಗೆ ಕಾಯಿಸುವ ರೈಲನ್ನು ಕೊಟ್ಟು, ನೀವು ಬರಲಿಲ್ಲವೆಂದು ಅವರನ್ನೇ ದೂರುವುದು ಯಾವ ನ್ಯಾಯ?