ಬಣ್ಣದ ಕೆಳಗಿನ ಕಿನ್ನಾಳ

ಕಿನ್ನಾಳದ ಗೊಂಬೆಗಳ ಬಗ್ಗೆ ಬರುವ ಬರಹಗಳಲ್ಲಿ ಎರಡು ಮಾತು ಹೆಚ್ಚುಕಡಿಮೆ ಖಾಯಂ. ಒಂದು, ಕಣ್ಣು ಕುಕ್ಕುವ ಕೆಂಪು-ಹಳದಿ-ಹಸಿರಿನ ಮೆಚ್ಚುಗೆ. ಇನ್ನೊಂದು, ನೈಸರ್ಗಿಕ ಬಣ್ಣ ಹೋಗಿ ಡಬ್ಬಿಯ ಬಣ್ಣ ಬಂತಲ್ಲ ಎಂಬ ವಿಷಾದ. ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ಮೆಚ್ಚುಗೆಯೂ ವಿಷಾದವೂ ಮೇಲಿನ ಪದರದಲ್ಲೇ ನಿಂತುಬಿಡುತ್ತವೆ. ಕೊಪ್ಪಳ ತಾಲ್ಲೂಕಿನ ಈ ಊರಿನ ಚಿತ್ರಗಾರರ ಕೆಲಸದ ದೊಡ್ಡ ಪಾಲು ಕುಂಚ ಬಣ್ಣಕ್ಕೆ ಅದ್ದುವ ಮೊದಲೇ ಮುಗಿದಿರುತ್ತದೆ.

ಹಗುರವಾದ ಮರದಲ್ಲಿ ಕೈ, ಕಾಲು, ತಲೆ, ಪೀಠ ಎಂದು ಬೇರೆಬೇರೆ ಕೆತ್ತಿ ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಆಮೇಲಿನದು ಕಿಟ್ಟ. ಗೋಣಿಯ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಂದಿಗೆ ಕಲಸಿದ ಮುದ್ದೆ ಅದು. ಅದನ್ನು ಕೈಯಿಂದಲೇ ಗೊಂಬೆಯ ಮೈತುಂಬ ಮೆತ್ತಬೇಕು. ಅದರ ಮೇಲೆ ಹತ್ತಿಯ ಸಣ್ಣ ತುಣುಕುಗಳು, ಮತ್ತೆ ಅಂಟು, ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಪ್ರತಿ ಪದರವೂ ಒಣಗುವವರೆಗೆ ಕಾಯಬೇಕು. ಮರ ಮಳೆಗಾಲಕ್ಕೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಜೋಡಿಸಿದ ಕಡೆಯಲ್ಲೇ ಮೊದಲು ಬಿರುಕು ಬಿಡುವುದು. ಆ ಎಳೆದಾಟವನ್ನು ನಾರು ತಾಳಿಕೊಳ್ಳುತ್ತದೆ, ಮೇಲಿನ ಬಣ್ಣಕ್ಕೆ ಸುದ್ದಿ ಮುಟ್ಟುವುದಿಲ್ಲ.

ಇದನ್ನು ‘ಪ್ರೈಮರ್’ ಎಂದು ಕರೆದು ಮುಗಿಸಬಹುದೇ? ಹೋಲಿಕೆಗೆ ಇವತ್ತು ನಗರಗಳಲ್ಲಿ ಹವ್ಯಾಸಿಗಳು ಬಣ್ಣ ಹಚ್ಚುವ ಪ್ಲಾಸ್ಟಿಕ್, ರೆಸಿನ್ ಪುಟ್ಟ ಗೊಂಬೆಗಳನ್ನು ನೋಡಿ. ಅಲ್ಲೂ ತಯಾರಿ ಇದೆ. ಅಚ್ಚಿನ ಎಣ್ಣೆ ಹೋಗುವಂತೆ ಸೋಪಿನ ನೀರಲ್ಲಿ ತೊಳೆದು, ಅಚ್ಚಿನ ಗೆರೆ ಉಜ್ಜಿ, ಕಂಪ್ರೆಸರಿಗೆ ಜೋಡಿಸಿದ ಏರ್‌ಬ್ರಷ್‌ನಿಂದ ಪ್ರೈಮರನ್ನು ಮಂಜಿನಂತೆ ಹಾಯಿಸುತ್ತಾರೆ. ತೀರ ಹತ್ತಿರ ಹಿಡಿದರೆ ದ್ರವ ಮಡುಗಟ್ಟಿ ಕಣ್ಣು-ಮೂಗು ಮುಚ್ಚಿಹೋಗುತ್ತದೆ. ದೂರ ಹಿಡಿದರೆ ಹನಿ ಗಾಳಿಯಲ್ಲೇ ಒಣಗಿ ಮೈ ತರಿತರಿಯಾಗುತ್ತದೆ. ಅದೂ ಕೈಚಳಕವೇ, ಕೀಳು ಮಾಡಬೇಕಿಲ್ಲ. ಆದರೆ ಆ ಚಳಕದ ಗುರಿಯೇ ಬೇರೆ. ವಿವರವೆಲ್ಲ ಅಚ್ಚಿನಿಂದಲೇ ಬಂದಿದೆ, ಪ್ರೈಮರ್ ಅದನ್ನು ಕೆಡಿಸದಿದ್ದರೆ ಸಾಕು. ಕಿನ್ನಾಳದಲ್ಲಿ ಹಾಗಲ್ಲ. ಕಲ್ಲಿನ ಪುಡಿಗೆ ಅಂಟು ಬೆರೆಸಿದ ಲೇಪದಿಂದಲೇ ದೇವಿಯ ಸರ, ಕಿರೀಟದ ಅಂಚು ಉಬ್ಬಿ ನಿಲ್ಲುತ್ತವೆ. ಉಳಿ ಬಿಟ್ಟದ್ದನ್ನು ಬೆರಳು ಮುಗಿಸುತ್ತದೆ. ಒಂದು ಕಡೆ ತೆಳುವಾದಷ್ಟೂ ಒಳ್ಳೆಯದು, ಇನ್ನೊಂದು ಕಡೆ ದಪ್ಪವೇ ಶಿಲ್ಪ.

ಚನ್ನಪಟ್ಟಣದ ಜೊತೆ ಕಿನ್ನಾಳವನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿಯೂ ಇದೆ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೆ ಬಣ್ಣ ನೇರ ಮರಕ್ಕೇ ಹತ್ತುತ್ತದೆ, ನಡುವೆ ಪದರವೇ ಇಲ್ಲ. ಕಿನ್ನಾಳಕ್ಕೆ ನಿಜವಾದ ನೆಂಟಸ್ತಿಕೆ ಇರುವುದು ಹುಣಸೆಬೀಜ, ಕಟ್ಟಿಗೆ ಹೊಟ್ಟು ಬಳಸುವ ಆಂಧ್ರದ ಕೊಂಡಪಲ್ಲಿಯ ಜೊತೆ.

ಪೂರ್ತಿ ಸಿದ್ಧವಾದ ಗೊಂಬೆಯಲ್ಲಿ ಈ ತಳ ಕಾಣುವುದಿಲ್ಲ ಎಂಬುದೇ ತೊಡಕು. ಭೌಗೋಳಿಕ ಸೂಚಕ ಮಾನ್ಯತೆ ಕಿನ್ನಾಳಕ್ಕೆ ಸಿಕ್ಕಿದೆ, ಸಂತೋಷ. ಆದರೆ ಅಂಗಡಿಯಲ್ಲಿ ನಿಂತು ಕೊಳ್ಳುವವರ ಕಣ್ಣಿಗೆ ಕಿಟ್ಟದ ಗೊಂಬೆ ಮತ್ತು ಸ್ಪ್ರೇ ಹೊಡೆದ ಗೊಂಬೆ ಒಂದೇ ಆಗಿ ಕಂಡರೆ, ಬೆಲೆಯೂ ಬರೀ ಗಾತ್ರದ ಮೇಲೆ ನಿಂತರೆ, ಪದರ ಪದರಕ್ಕೂ ಒಣಗಲು ಕಾದ ದಿನಗಳ ಕೂಲಿ ಯಾರು ಕೊಡಬೇಕು? ಬಣ್ಣದ ಬಗ್ಗೆ ಮಾತ್ರ ಬರೆಯುವ ನಾವು ಆ ಕೂಲಿಯನ್ನು ಲೆಕ್ಕದಿಂದ ಹೊರಗಿಡಲು ಕೈಜೋಡಿಸಿದಂತೆಯೇ. ಗೊಂಬೆಗೆ ‘ಮರ, ಬಣ್ಣ’ ಎಂದಷ್ಟೇ ಚೀಟಿ ಬರೆದರೂ ಅದೇ ಕಥೆ.

ಭಾಷೆಯೂ ಇಲ್ಲಿ ಸ್ವಲ್ಪ ಮೋಸ ಮಾಡಿದೆ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಜಾತ್ರೆಗೆ ಮುಂಚೆ ದ್ಯಾಮವ್ವ ‘ಬಣ್ಣಕ್ಕ ಹೋಗ್ಯಾಳ’ ಎನ್ನುತ್ತಾರೆ. ಎಷ್ಟು ಚೆಂದದ ಮಾತು! ಆದರೆ ಹಳೆಯ ಮರದ ಮೂರ್ತಿಗೆ ಬೇಕಾಗುವುದು ಬಣ್ಣವೊಂದೇ ಅಲ್ಲ. ಸಂದು ಬಿಟ್ಟಿದ್ದರೆ ಮುಚ್ಚಬೇಕು, ಎದ್ದ ಪದರ ಕೆರೆಯಬೇಕು, ತಳ ಮತ್ತೆ ಕಟ್ಟಬೇಕು. ಇಷ್ಟೆಲ್ಲವೂ ಆ ಒಂದು ‘ಬಣ್ಣ’ದೊಳಗೆ ಅಡಗಿಕೊಂಡಿದೆ.

ಕಿನ್ನಾಳದ ಗೊಂಬೆಯನ್ನು ಅಭ್ಯಾಸಕ್ಕೆಂದು ನೋಡುವವರಿಗೆ ನನ್ನದೊಂದು ಸಲಹೆ: ಹೊಸದನ್ನು ಬಿಟ್ಟು ಹಳೆಯದನ್ನು ಹುಡುಕಿ, ಅದರಲ್ಲೂ ಕೈ ಮುರಿದದ್ದನ್ನು. ಮುರಿದ ಅಂಚಿನಲ್ಲಿ ಬಣ್ಣ ಒಂದು ಕೂದಲೆಳೆಯಷ್ಟು. ಅದರ ಕೆಳಗೆ ಬಿಳಿಯ ಲೇಪ, ಅದರ ಕೆಳಗೆ ಹತ್ತಿಯ ನಾರು, ಆಮೇಲೆ ಕಂದು ಕಿಟ್ಟ, ಕೊನೆಗೆ ಮರ.