‘ದಡ್ಡ’ ಎಂಬ ಇನ್ನೊಂದು ಜಾತಿ

ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯಲ್ಲಿ ಕುಲಶೇಖರ, ಕುಡುಪು ದಾಟಿದರೆ ವಾಮಂಜೂರು. ಅಲ್ಲೊಂದು ಎಂಜಿನಿಯರಿಂಗ್ ಕಾಲೇಜು ಇದೆ. ಒಂದು ಕಡೆಗೆ ಹೋದರೆ ಪಿಲಿಕುಳದ ನಿಸರ್ಗಧಾಮ. ಇನ್ನೊಂದು ಕಡೆಗೆ ಇಡೀ ನಗರದ ಕಸ ಬಂದು ಬೀಳುವ ಪಚ್ಚನಾಡಿ. 2019ರ ಆಗಸ್ಟ್ ಮಳೆಯಲ್ಲಿ ಆ ಕಸದ ಗುಡ್ಡವೇ ಜರಿದು ಮಂದಾರದ ಮನೆ ತೋಟಗಳನ್ನು ಮುಚ್ಚಿತು. ಇದೇ ವಾಮಂಜೂರಿನಲ್ಲಿ ಅಂಗವಿಕಲ ಮಕ್ಕಳೂ ಉಳಿದ ಮಕ್ಕಳೂ ಕೂಡಿ ಕಲಿಯುವ ಶಾಲೆಯೊಂದಿದೆ. ಹೆಸರು ಎಸ್.ಡಿ.ಎಂ. ಮಂಗಳಜ್ಯೋತಿ ಸಮಗ್ರ ಶಾಲೆ. ಆ ಶಾಲೆಯ ಗುಣದೋಷ ಇಲ್ಲಿನ ವಿಷಯವಲ್ಲ. ಅದರ ಹೆಸರಿನಲ್ಲಿರುವ ‘ಸಮಗ್ರ’ ಎಂಬ ಶಬ್ದ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಎಲ್ಲ ಮಕ್ಕಳನ್ನೂ ಕೂರಿಸಿಕೊಳ್ಳುವ ಒಂದು ಶಾಲೆಯನ್ನು ಗುರುತಿಸಲು ಬೇರೆ ಶಬ್ದವೇ ಬೇಕು ಎಂದಾದರೆ ಉಳಿದ ಶಾಲೆಗಳು ಏನು? ಅರ್ಧ ಶಾಲೆಗಳೇ?

ಸಾಹಿತ್ಯ ವಿಮರ್ಶೆಯ ಪುಟದಲ್ಲಿ ಈ ಪ್ರಶ್ನೆ ಯಾಕೆ ಎಂದು ಕೇಳುವವರಿದ್ದಾರೆ. ಶಬ್ದಗಳ ಹಿಂದೆ ಯಾರ ಯಜಮಾನಿಕೆ ಇದೆ ಎಂದು ನೋಡುವುದೇ ನಮ್ಮ ವಿಮರ್ಶೆಯ ಕೆಲಸ. ‘ಹರಿಜನ’ ಎಂಬ ಶಬ್ದವನ್ನು ಬಿಚ್ಚಿ ನೋಡಿದವರು ನಾವು. ದೇವರ ಮಕ್ಕಳು ಅಂದರು, ಬಾವಿಯ ನೀರು ಮಾತ್ರ ಕೊಡಲಿಲ್ಲ. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಅಂಬೇಡ್ಕರರು ಈ ಹೆಸರನ್ನು ವಿರೋಧಿಸಿ ತಮ್ಮ ಪಕ್ಷದವರೊಂದಿಗೆ ಎದ್ದು ಹೊರನಡೆದರು. ಈಗ ಇನ್ನೊಂದು ಶಬ್ದ ಬಂದಿದೆ. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ‘ದಿವ್ಯಾಂಗ’ ಎಂದರು. ಮರುವರ್ಷ ಇಲಾಖೆಯ ಹಿಂದಿ ಹೆಸರೇ ಬದಲಾಯಿತು. ನಡೆಯಲಾಗದ ಹುಡುಗಿಯ ಕಾಲು ದಿವ್ಯವಾಯಿತು. ಅವಳ ಹೈಸ್ಕೂಲಿನ ಕಕ್ಕಸಿಗೆ ಹತ್ತುವ ಮೂರು ಮೆಟ್ಟಿಲು ಮೆಟ್ಟಿಲಾಗಿಯೇ ಉಳಿಯಿತು. ಹಕ್ಕು ಕೊಡಲು ಮನಸ್ಸಿಲ್ಲದವರು ಬಿರುದು ಕೊಡುತ್ತಾರೆ. ಇದು ಹಳೆಯ ಹುನ್ನಾರ.

ಬಿರುದು ಸರಕಾರದ್ದು, ಬೈಗುಳ ಸಮಾಜದ್ದು. ನಮ್ಮ ಹೈಸ್ಕೂಲುಗಳಲ್ಲಿ ಆ ಬೈಗುಳಕ್ಕೆ ‘ದಡ್ಡ’ ಎಂದು ಹೆಸರು. ಕರಾವಳಿಯಲ್ಲಾದರೆ ‘ಅವನಿಗೆ ಮಂಡೆ ಇಲ್ಲ’. ಅಕ್ಷರಗಳು ಕಣ್ಣ ಮುಂದೆ ಕಲಸಿಹೋಗುವ ಹುಡುಗ, ಅರ್ಧ ಕಿವಿ ಕೇಳುವ ಹುಡುಗಿ, ಒಂದು ಕಡೆ ಕೂರಲಾಗದ ಮಗು, ನಿಧಾನವಾಗಿ ಅರಿಯುವ ಮಗು, ಇವರೆಲ್ಲರಿಗೂ ಒಂದೇ ಶಬ್ದ. ‘ವಿದ್ಯೆ ಇವನ ತಲೆಗೆ ಹತ್ತುವುದಿಲ್ಲ’ ಎಂಬ ಈ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಎಲ್ಲೋ ಕೇಳಿದ ಹಾಗಿಲ್ಲವೇ? ಕೇರಿಯ ಮಕ್ಕಳ ಬಗ್ಗೆ ಅಗ್ರಹಾರ ಶತಮಾನಗಳಿಂದ ಆಡಿಕೊಂಡು ಬಂದ ಮಾತೇ ಇದು.

ಎರಡಕ್ಕೂ ಬೇರು ಒಂದೇ. ಶೂದ್ರನಿಗೆ ವಿದ್ಯೆ ಬೇಡವೆಂದ ಮನುಸ್ಮೃತಿಯೇ ಹುಟ್ಟುಕುರುಡರು, ಕಿವುಡರು, ಮೂಕರು, ಬುದ್ಧಿಮಾಂದ್ಯರಿಗೆ ಆಸ್ತಿಯಲ್ಲಿ ಪಾಲಿಲ್ಲ ಎಂದೂ ಹೇಳುತ್ತದೆ. ಕೀಳು ಜಾತಿಯಲ್ಲಿ ಯಾಕೆ ಹುಟ್ಟಿದೆ? ಪೂರ್ವಜನ್ಮದ ಕರ್ಮ. ಕಾಲಿಲ್ಲದೆ ಯಾಕೆ ಹುಟ್ಟಿದೆ? ಅದೇ ಕರ್ಮ. ತುಳುನಾಡಿನಲ್ಲಿ ಈ ಎರಡು ಭಯಗಳೂ ಒಂದೇ ತಟ್ಟೆಯಲ್ಲಿ ಕೂಡಿದ್ದವು. ತಮ್ಮ ಮನೆಯ ಅನಿಷ್ಟ ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಅಜಲು ಪದ್ಧತಿ ಇಲ್ಲಿತ್ತು. ಅದನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬೇಕಾಯಿತು. ಮೇಲಿನವರ ಮನೆಯ ರೋಗ ಕೆಳಗಿನವರ ಮೈಗೆ ಇಳಿಯಬೇಕು ಎನ್ನುವ ಧರ್ಮ ಇದು.

ಧರ್ಮ ಬಿಟ್ಟರೂ ಬಂಡವಾಳ ಬಿಡಲಿಲ್ಲ. ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್, ಈಚೆ ನಮ್ಮ ಜಿಲ್ಲೆಯಲ್ಲಿ ಗೇರು ಅಭಿವೃದ್ಧಿ ನಿಗಮ, ಎರಡೂ ಸರಕಾರದ್ದೇ ಸಂಸ್ಥೆಗಳು, ಹೆಲಿಕಾಪ್ಟರಿನಿಂದ ಗೇರುತೋಟಗಳಿಗೆ ಎಂಡೋಸಲ್ಫಾನ್ ಸುರಿದವು. ತೋಟದ ಸೆರಗಿನಲ್ಲಿ ಯಾರ ಮನೆಗಳಿದ್ದವು? ಕೂಲಿಯವರದು. ಎಣ್ಮಕಜೆಯಲ್ಲಿ, ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಹುಟ್ಟಿದ ಮಕ್ಕಳ ಮೈಯಲ್ಲಿ ಅದರ ಲೆಕ್ಕ ಇದೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಲ್ಲಿಸುವ ಹೊತ್ತಿಗೆ ಒಂದು ತಲೆಮಾರು ಮುಗಿದಿತ್ತು. 2011ರ ಜನಗಣತಿಯಂತೆ ದೇಶದ ಜನರಲ್ಲಿ ಅಂಗವಿಕಲರು ಶೇಕಡಾ 2.21; ಪರಿಶಿಷ್ಟ ಜಾತಿಗಳಲ್ಲಿ ಶೇಕಡಾ 2.45. ಹಸಿವು, ಹೊಲಸು ನೀರು, ಆಸ್ಪತ್ರೆ ಕಾಣದ ಬಾಣಂತನ, ಇವು ಅಂಗಾಂಗಗಳನ್ನೂ ಜಾತಿ ನೋಡಿಯೇ ಮುಟ್ಟುತ್ತವೆ. ಹಾಗಾಗಿ ಇದು ದಲಿತ ಚಳುವಳಿಯ ಪಕ್ಕದ ಮನೆಯ ಪ್ರಶ್ನೆ ಅಲ್ಲ, ಸ್ವಂತ ಅಂಗಳದ ಪ್ರಶ್ನೆ.

ಈಗ ನಮ್ಮ ಸಾಹಿತ್ಯಕ್ಕೆ ಬರೋಣ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಇದೇ ಸೀಮೆಯ ಕತೆ. ಅಲ್ಲಿ ಚೋಮನ ಮಕ್ಕಳಿಗೆ ಶಾಲೆಯ ದಾರಿಯೇ ಇಲ್ಲ. ಆಮೇಲೆ ಶಾಲೆಯ ಬಾಗಿಲು ತೆರೆಯಿತು. ಹೊರಗೆ ಕೂತು, ಏಟು ತಿಂದು, ಹೊಲಸು ಮಾತು ಕೇಳಿ ಅಕ್ಷರ ಕಲಿತವರ ಆತ್ಮಕತೆಗಳು ಬಂದವು. ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಇಲ್ಲದೆ ಕನ್ನಡದ ಶಾಲೆಯ ನಿಜಮುಖ ನಮಗೆ ಗೊತ್ತಾಗುತ್ತಲೇ ಇರಲಿಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ಇವು ಪಾಸಾದವರ ಪುಸ್ತಕಗಳು. ಎಲ್ಲ ಅವಮಾನ ನುಂಗಿ ಓದಿ ಪ್ರೊಫೆಸರರಾದವರ ಪುಸ್ತಕಗಳು. ಅದೇ ಬೆಂಚಿನಲ್ಲಿ ಕೂತು, ಅದೇ ಏಟು ತಿಂದು, ಮೂರು ಸಲ ಫೇಲಾಗಿ ಕಲ್ಲುಕೋರೆಗೆ ಹೋದವನು ಆತ್ಮಕತೆ ಬರೆಯಲಿಲ್ಲ. ದಲಿತ ಹುಡುಗ ಜಾಣನಾಗಿದ್ದೂ ತುಳಿತಕ್ಕೊಳಗಾದ ಎಂದು ಹೇಳುವುದು ನಮ್ಮ ಬರವಣಿಗೆಗೆ ಸುಲಭ. ಜಾಣನಲ್ಲದ ದಲಿತ ಹುಡುಗನಿಗೂ ಅಷ್ಟೇ ಹಕ್ಕಿದೆ ಎಂದು ಹೇಳುವುದು ಕಷ್ಟ. ಬಂಡಾಯದ ನಿಜವಾದ ಪರೀಕ್ಷೆ ಈ ಎರಡನೆಯ ಮಾತಿನಲ್ಲಿದೆ.

ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯ ಮಂದಣ್ಣ ಆ ದಿಕ್ಕಿನಲ್ಲಿ ಒಂದು ಹೆಜ್ಜೆ. ಊರು ಕೆಲಸಕ್ಕೆ ಬಾರದವನು ಎಂದುಕೊಂಡವನಲ್ಲಿ ವಿಜ್ಞಾನಿ ಕರ್ವಾಲೊ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ. ಇದು ದೊಡ್ಡ ಮಾತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮಂದಣ್ಣನಿಗೆ ಆ ಅಪರೂಪದ ಜ್ಞಾನ ಇಲ್ಲದೇ ಹೋಗಿದ್ದರೆ? ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಅನ್ನದ ದಾರಿ ತೋರಿಸಿತು. ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳ ಋಣ ಸಣ್ಣದಲ್ಲ. ಹಾಗಂತ ದನಿಯಿಲ್ಲದ ಕುರುಡ ಹುಡುಗ ಎಲ್ಲಿಗೆ ಹೋಗಬೇಕು? ಮನುಷ್ಯನಾಗಿರುವುದಕ್ಕೆ ಪ್ರತಿಭೆಯ ಸರ್ಟಿಫಿಕೇಟು ತರಬೇಕಾಗಿಲ್ಲ.

ನಮ್ಮ ಕಡೆಯ ಪದ್ಯಗಳನ್ನೂ ಬಿಡುವ ಹಾಗಿಲ್ಲ. ಕುರುಡು ಸಮಾಜ, ಕಿವುಡು ಸರಕಾರ, ಹೆಳವ ವ್ಯವಸ್ಥೆ, ಈ ಮಾತುಗಳು ನಮ್ಮ ವೇದಿಕೆಗಳಲ್ಲಿ ಧಾರಾಳ. ಕಣ್ಣಿದ್ದೂ ನೋಡದವನ ಪಾಪವನ್ನು ಕಣ್ಣಿಲ್ಲದವನ ಹೆಸರಿಗೆ ಬರೆಯುವುದು ಯಾವ ನ್ಯಾಯ? ಜಾತಿಯ ಹೆಸರನ್ನು ಬೈಗುಳ ಮಾಡಿದಾಗ ಸಿಟ್ಟಿಗೇಳುವ ಕವಿ ಇಲ್ಲೂ ಒಂದು ಗಳಿಗೆ ನಿಲ್ಲಬೇಕು. ಏಕಲವ್ಯನ ಮೇಲೆ ನಾವು ಎಷ್ಟೋ ಬರೆದಿದ್ದೇವೆ. ಅವನು ಗುರುವೇ ಅಂಗವಿಕಲನನ್ನಾಗಿ ಮಾಡಿದ ಶಿಷ್ಯ ಎಂದು ಓದಿದರೆ ಆ ಕತೆಗೆ ಇವತ್ತಿನ ಹೈಸ್ಕೂಲಿನ ಗಂಟೆಯೂ ಕೇಳಿಸುತ್ತದೆ.

ಆ ಹೈಸ್ಕೂಲಿನ ಒಳಗೆ ನೋಡಿ. 2009ರ ಶಿಕ್ಷಣ ಹಕ್ಕು ಕಾಯಿದೆ ಹದಿನಾಲ್ಕು ವಯಸ್ಸಿಗೆ ಕೈಬಿಡುತ್ತದೆ, ಅಂದರೆ ಪಾಠ ಕಠಿಣವಾಗುವ ಹೊತ್ತಿಗೆ ಸರಿಯಾಗಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಶೇಕಡಾ 40 ಅಥವಾ ಹೆಚ್ಚು ವೈಕಲ್ಯ ಇರುವ ಮಗುವಿಗೆ ಹದಿನೆಂಟರವರೆಗೆ ಉಚಿತ ಶಿಕ್ಷಣ ಎನ್ನುತ್ತದೆ. ಕಲಿಕೆಯ ತೊಂದರೆಯನ್ನು ಬೇಗನೆ ಪತ್ತೆ ಮಾಡಿ ಎನ್ನುತ್ತದೆ. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇಂಥ ಮಕ್ಕಳಿಗೆ ವಿಶೇಷ ಶಿಕ್ಷಕರು ಬೇಕು ಎಂದಿತು. ನಮ್ಮಲ್ಲಿ ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರು ಇಡೀ ಬ್ಲಾಕಿನ ಶಾಲೆಗಳನ್ನು ಸುತ್ತಬೇಕು. ಬರುವ ದಿನ ಅವರು ನೆಂಟರು, ಹೋದ ಮೇಲೆ ಮಗು ಹಿಂದಿನ ಬೆಂಚಿಗೆ.

ಆ ಹಿಂದಿನ ಬೆಂಚಿನ ಮೇಲೆ ಎಸ್.ಎಸ್.ಎಲ್.ಸಿ. ಫಲಿತಾಂಶದ ಕತ್ತಿ ತೂಗುತ್ತಿದೆ. 2024ರಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು; 2025ರಲ್ಲಿ ದಕ್ಷಿಣ ಕನ್ನಡವೇ ಮೊದಲು. ಒಳ್ಳೆಯದೇ. ಆದರೆ ಶೇಕಡಾ 100ರ ಬ್ಯಾನರು ಕಟ್ಟುವ ಆಸೆಗೆ ಬಿದ್ದ ಶಾಲೆ ಒಂಬತ್ತನೇ ಕ್ಲಾಸಿನಲ್ಲೇ ಪೋಷಕರನ್ನು ಕರೆಸುತ್ತದೆ. “ನೋಡಿ ಮಾರಾಯ್ರೆ, ನಿಮ್ಮ ಹುಡುಗನಿಂದ ಆಗ್ಲಿಕ್ಕಿಲ್ಲ. ಪ್ರೈವೇಟಾಗಿ ಕಟ್ಟಿಸಿ.” ಬೀಡಿ ಕಟ್ಟುವ ತಾಯಿ ಏನು ಹೇಳಿಯಾಳು? ವೆನ್‌ಲಾಕ್ ಆಸ್ಪತ್ರೆಗೆ ಸರ್ಟಿಫಿಕೇಟಿಗೆ ಅಲೆದ ಒಂದೊಂದು ದಿನವೂ ಅವಳಿಗೆ ಬೀಡಿಯ ಲೆಕ್ಕದಲ್ಲಿ ನಷ್ಟ. ಇನ್ನೊಂದು ತೊಡಕೂ ಇದೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಆಡುವ ಮಗು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ತಡವರಿಸಿದರೆ ತೊಂದರೆ ಮಗುವಿನದೋ, ಭಾಷೆಯದೋ, ಕಲಿಸಿದ ಕ್ರಮದ್ದೋ? ಇದನ್ನು ಬೇರ್ಪಡಿಸಿ ನೋಡುವ ತಾಳ್ಮೆ ಇಲ್ಲದ ಕಡೆ ‘ದಡ್ಡ’ ಎಂಬ ಒಂದೇ ಶಬ್ದ ಸಾಕಾಗುತ್ತದೆ. ಅದು ಯಾರಿಗೂ ಏನೂ ಖರ್ಚು ತರುವುದಿಲ್ಲ.

ಹಾಗಾದರೆ ವಿಶೇಷ ಶಾಲೆಗಳು ಬೇಡವೇ? ಈ ಪ್ರಶ್ನೆಗೆ ಮಂಗಳೂರಿನ ಇತಿಹಾಸವೇ ಉತ್ತರ ಕೊಡುತ್ತದೆ. ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳಿಗೆ ಬೇರೆ ಶಾಲೆ ನಡೆಸಿದರು. ಊರಿನ ಶಾಲೆ ಬಾಗಿಲು ಹಾಕಿದ ಕಾಲದಲ್ಲಿ ಅದು ಕ್ರಾಂತಿಯ ಕೆಲಸ. ಬೇರೆ ಶಾಲೆಯೇ ಸಾಕು ಎಂದು ದಲಿತರು ಅಲ್ಲೇ ಕೂತಿದ್ದರೆ? ಪ್ರತ್ಯೇಕ ಶಾಲೆ ಕೆಲವು ಮಕ್ಕಳಿಗೆ ಇವತ್ತಿಗೂ ಬೇಕು, ಕಾಯಿದೆಯೂ ಆ ಆಯ್ಕೆಯನ್ನು ಉಳಿಸಿದೆ. ಆದರೆ ಅದು ಆಯ್ಕೆಯಾಗಿರಬೇಕು. ಊರ ಹೊರಗೆ ಕೇರಿ ಇಟ್ಟ ಬುದ್ಧಿ, ಕಣ್ಣಿಗೆ ಬೇಡವಾದದ್ದನ್ನೆಲ್ಲ ಅಂಚಿಗೆ ತಳ್ಳುವ ಬುದ್ಧಿ, ಮಕ್ಕಳ ವಿಷಯದಲ್ಲಿ ಮತ್ತೆ ಹೊಸ ಕೇರಿ ಕಟ್ಟಬಾರದು.

ಹಳ್ಳಿಯ ಮೇಷ್ಟ್ರುಗಳು ಸುತ್ತೋಲೆಗೆ ಕಾಯಬೇಕಾಗಿಲ್ಲ. ಎಂಟನೇ ಕ್ಲಾಸಿನಲ್ಲೇ ಇಂಥ ಮಕ್ಕಳ ಅರ್ಜಿ ಬರೆಸಿ. ಹತ್ತರ ಡಿಸೆಂಬರಿನಲ್ಲಿ ಓಡಾಡಿದರೆ ಪ್ರಯೋಜನವಿಲ್ಲ. ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚುವರಿ ಸಮಯ, ಬದಲಿಗೆ ಬರೆದುಕೊಡುವವರು, ಇವು ಯಾರ ದಯೆಯೂ ಅಲ್ಲ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಬರೆದುಕೊಡುವವರನ್ನು ಪಡೆಯಲು ಶೇಕಡಾ 40ರ ಅಳತೆ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದೆ. ಪಾಠವನ್ನು ಬೋರ್ಡಿಗೆ ಹೇಳದೆ ಮಕ್ಕಳ ಮುಖ ನೋಡಿ ಹೇಳಿದರೆ ಕಿವಿ ಮಂದವಾದ ಮಗು ತುಟಿ ಓದುತ್ತದೆ. ಉತ್ತರವನ್ನು ಬಾಯಲ್ಲಿ ಕೇಳಿದರೆ ಬರೆಯಲಾಗದ ಮಗುವಿಗೆ ಏನೆಲ್ಲ ಗೊತ್ತಿದೆ ಎಂಬುದು ಹೊರಬೀಳುತ್ತದೆ. ಸಂಘಟನೆಯ ಗೆಳೆಯರು ಶಾಲೆಗಳ ಎದುರು ಒಂದೇ ಪ್ರಶ್ನೆ ಇಡಬೇಕು. ನಿಮ್ಮ ಫಲಿತಾಂಶ ಶೇಕಡಾ ಎಷ್ಟು ಎಂದು ಕೇಳುವುದು ಬೇಡ. ಎಂಟಕ್ಕೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತರ ಪರೀಕ್ಷೆಯಲ್ಲಿ ಕೂತರು, ಉಳಿದವರು ಎಲ್ಲಿ ಹೋದರು ಎಂದು ಕೇಳಬೇಕು.

ಈ ಪ್ರಶ್ನೆಗೆ ಪ್ರತಿ ಹೈಸ್ಕೂಲೂ ಲೆಕ್ಕ ಕೊಡುವ ದಿನ ವಾಮಂಜೂರಿನ ಬೋರ್ಡಿನ ಮೇಲೆ ‘ಸಮಗ್ರ’ ಎಂಬ ಶಬ್ದ ಬೇಕಾಗುವುದಿಲ್ಲ. ‘ಶಾಲೆ’ ಎಂದರೆ ಸಾಕಾಗುತ್ತದೆ.