ಮುಖ ತಿದ್ದಿದ ಕೈ ಯಾವುದು?

ವಿಶಾಖಪಟ್ಟಣದ ಮೀನುಗಾರಿಕೆ ಬಂದರಿಗೆ ಬೆಳಗಿನ ಹರಾಜಿನ ಹೊತ್ತಿಗೆ ಕ್ಯಾಮೆರಾ ಹಿಡಿದು ಹೋದವರು ಬಹುಮಟ್ಟಿಗೆ ಒಬ್ಬ ಮುದುಕ ಮೀನುಗಾರನ ಮುಖ ಹಿಡಿದುಕೊಂಡೇ ಮರಳುತ್ತಾರೆ. ಬಿಸಿಲುಂಡ ಚರ್ಮ, ಬೆನ್ನ ಹಿಂದೆ ನೀಲಿ ಬಳಿದ ದೋಣಿ. ಅಂಥದೊಂದು ಕಪ್ಪು–ಬಿಳುಪು ಭಾವಚಿತ್ರ ಪ್ರದರ್ಶನದಲ್ಲಿ ಎದುರಾದರೆ ‘ಆಹಾ’ ಅನ್ನುವ ಮೊದಲು ಒಂದಿಷ್ಟು ನಿಂತು ನೋಡಿ.

ಮೊದಲು ಕಣ್ಣು. ಗುಡ್ಡೆಯ ಮೇಲೊಂದು ಬೆಳಕಿನ ಚುಕ್ಕೆ ಇರುತ್ತದೆ. ಇಲ್ಲಿ ಸೂರ್ಯ ಕಡಲ ಕಡೆಯಿಂದ ಹುಟ್ಟುವುದರಿಂದ ಬೆಳಗಿನ ಬೆಳಕು ಒಂದೇ ಪಕ್ಕದಿಂದ ಬೀಳುತ್ತದೆ. ಚುಕ್ಕೆ ಬೆಳಕಿನ ಕಡೆ, ಮೂಗಿನ ನೆರಳು ಅದರ ಎದುರು ಕಡೆ ಇರಬೇಕು. ಎರಡೂ ಒಂದೇ ಕಡೆ ಇದ್ದರೆ, ರಿಫ್ಲೆಕ್ಟರ್ ಹಿಡಿದಿದ್ದರೋ ಆಮೇಲೆ ತಿದ್ದಿದರೋ ಎಂದು ಕೇಳಬೇಕು. ರಾತ್ರಿಯಿಡೀ ಕಡಲಲ್ಲಿದ್ದವನ ಕಣ್ಣಿನ ಬಿಳಿ ತೊಳೆದಿಟ್ಟಂತಿದ್ದರೆ ನನಗಂತೂ ನಂಬಿಕೆ ಹುಟ್ಟದು.

ನಿಜವಾದ ಕೆಲಸ ನಡೆಯುವುದು ಬಣ್ಣವನ್ನು ಬೂದು ಛಾಯೆಗೆ ಇಳಿಸುವಾಗ. ಯಾವ ಬಣ್ಣ ಎಷ್ಟು ಗಾಢವಾಗಬೇಕೆಂದು ಸಾಫ್ಟ್‌ವೇರ್‌ನಲ್ಲಿ ಬೇರೆಬೇರೆಯಾಗಿ ಹೇಳಬಹುದು. ನಮ್ಮ ಚರ್ಮ ಎಷ್ಟೇ ಕಪ್ಪಿರಲಿ, ಅದು ಹೆಚ್ಚಾಗಿ ಕಿತ್ತಳೆಯ ಲೆಕ್ಕಕ್ಕೆ ಬರುತ್ತದೆ. ಕಿತ್ತಳೆ ಏರಿಸಿದರೆ ಮುದುಕ ಬೆಳ್ಳಗಾಗುತ್ತಾನೆ, ಇಳಿಸಿದರೆ ಇನ್ನಷ್ಟು ಕಪ್ಪಗೆ, ಒರಟಾಗುತ್ತಾನೆ. ಜಾಣ ಎರಡನ್ನೂ ಮುಟ್ಟುವುದಿಲ್ಲ, ನೀಲಿಯನ್ನಷ್ಟೇ ಇಳಿಸುತ್ತಾನೆ. ದೋಣಿ ಕತ್ತಲಿಗೆ ಸರಿಯುತ್ತದೆ, ಮುಖ ತಾನಾಗಿ ಮುಂದೆ ಬರುತ್ತದೆ.

ಹಳೆಯ ಸ್ಟುಡಿಯೋಗಳಲ್ಲಿ ಮುಖ ತಿದ್ದಲು ‘ಟಚಿಂಗ್’ ಇತ್ತು. ಮುಖದ ಸುಕ್ಕು ನೆಗೆಟಿವ್‌ನಲ್ಲಿ ತೆಳುಗೆರೆಯಾಗಿ ಕಾಣುತ್ತದೆ. ಅದನ್ನು ಚೂಪಾದ ಸೀಸದಕಡ್ಡಿಯಿಂದ ತುಂಬಿದರೆ ಪ್ರಿಂಟಿನಲ್ಲಿ ಸುಕ್ಕು ಮಾಯ. ಗಂಡಿನ ಮನೆಗೆ ಹೋಗುವ ಹುಡುಗಿಯ ಫೋಟೊ ಹೀಗೆ ನುಣುಪಾಗುತ್ತಿತ್ತು. ಈಗ ಬಂದರಿನ ಮುದುಕನಿಗೆ ತಿರುಗುಮುರುಗು: ಸಾಫ್ಟ್‌ವೇರ್‌ನಲ್ಲಿ ಗೆರೆಗಳನ್ನು ಎದ್ದುಕಾಣಿಸುವ ‘ಕ್ಲಾರಿಟಿ’ಯನ್ನು ಎಳೆದೆಳೆದು, ಇಲ್ಲದ ಸುಕ್ಕನ್ನೂ ಕೆತ್ತುತ್ತಾರೆ. ಬಡವನೆಂದರೆ ಸುಕ್ಕು ಇರಲೇಬೇಕು ಅನ್ನುವ ಹಟ, ಹೆಣ್ಣೆಂದರೆ ನುಣುಪಿರಬೇಕು ಅನ್ನುವ ಹಟದ ಖಾಸಾ ತಮ್ಮ.

ತಿದ್ದುವುದೇ ತಪ್ಪೆಂದಲ್ಲ. ಛಾಯಾಗ್ರಾಹಕ ಆರ್ನಾಲ್ಡ್ ನ್ಯೂಮನ್ 1946ರಲ್ಲಿ ತೆಗೆದ ಸಂಗೀತಗಾರ ಸ್ಟ್ರಾವಿನ್‌ಸ್ಕಿಯ ಚಿತ್ರದಲ್ಲಿ ಪಿಯಾನೋದ ಕಪ್ಪು ಮುಚ್ಚಳವೇ ಚೌಕಟ್ಟನ್ನೆಲ್ಲ ಆಳುತ್ತದೆ, ಮನುಷ್ಯ ಕೆಳಗಿನ ಮೂಲೆಯಲ್ಲಿ ಕೂತಿದ್ದಾನೆ. ನೆಗೆಟಿವ್‌ನಲ್ಲಿ ಸುತ್ತ ಇನ್ನೂ ಬಹಳಷ್ಟು ಇತ್ತು. ಅದನ್ನು ಕತ್ತರಿಸಿದ್ದರಿಂದಲೇ ಆ ಚಿತ್ರಕ್ಕೆ ಬಿಗಿ ಬಂತು.

ಹಾಗಾಗಿ ಬಂದರಿನ ಚಿತ್ರದ ಅಂಚುಗಳನ್ನೂ ನೋಡಿ. ಹರಾಜು ಕೂಗುವವರು, ಐಸು ತುಂಬಿದ ಬುಟ್ಟಿ, ಮೀನು ಕೊಳ್ಳಲು ಬಂದ ಹೆಂಗಸರು ಎಲ್ಲಿ ಹೋದರು? ಛಾಯಾಗ್ರಾಹಕ ಅಲ್ಲೇ ನಿಂತಿದ್ದರೆ ತಿದ್ದದ ಫೋಟೊ ತೋರಿಸಿ ಎಂದು ಕೇಳಿ. ಕೆಲವರು ಮುಖ ಗಂಟಿಕ್ಕುತ್ತಾರೆ. ಒಳ್ಳೆಯವರು ಖುಷಿಯಿಂದ ಮೊಬೈಲ್ ತೆಗೆಯುತ್ತಾರೆ.